ಗುಳ್ಳೆ ಬಾರದ ಡಬ್ಬಿ

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅವಳು ಬಕೆಟ್ಟಿಗೆ ನೀರು ತುಂಬಿ, ಅಡುಗೆಮನೆಯ ನೆಲದ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಅದರ ನಾಲ್ಕು ಕಿವಿಗಳನ್ನೂ ಟಕ್ ಟಕ್ಕೆಂದು ಒತ್ತಿ ಕೂರಿಸಿದಳು. ಆಮೇಲೆ ಎರಡೂ ಕೈಯಲ್ಲಿ ಡಬ್ಬಿಯನ್ನು ಅದುಮಿ ನೀರಿನೊಳಗೆ ಮುಳುಗಿಸಿ, ಉಸಿರು ಬಿಗಿಹಿಡಿದು ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಡಬ್ಬಿಯನ್ನು ಆ ಕಡೆ ಈ ಕಡೆ ಹೊರಳಿಸಿದಳು. ಆಗಲೂ ಏಳಲಿಲ್ಲ.

"ಆಯ್ತಾ ಸ್ನಾನ?" ಎಂದರು ಅತ್ತೆ. "ಇಷ್ಟು ದಿನದಲ್ಲಿ ಆ ಡಬ್ಬಿಗೆ ಈಜೋಕಾದ್ರೂ ಬಂದಿರ್ಬೇಕು ನೋಡು."

ಅತ್ತೆ ಕೂತಿದ್ದದ್ದು ಅಡುಗೆಮನೆಯ ಹೊಸ್ತಿಲಿನಿಂದ ಆಚೆ, ಗೋಡೆಗೆ ಒರಗಿಸಿದ ಮೋಟು ಸ್ಟೂಲಿನ ಮೇಲೆ. ಅವರ ಮಾತಿನಲ್ಲಿ ನಗು ಇತ್ತು, ಮುಖದಲ್ಲಿ ಇರಲಿಲ್ಲ. ಸೊಸೆ ಡಬ್ಬಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು, ಗಂಜಿ ಬಗ್ಗಿಸಿದಳು. ಆವಿ ಆರುವಷ್ಟು ಹೊತ್ತು ತಟ್ಟೆಯಿಂದ ಗಾಳಿ ಬೀಸಿ, ಮತ್ತೆ ನಾಲ್ಕು ಕಿವಿಗಳನ್ನೂ ಒತ್ತಿದಳು. ಆ ಟಕ್ ಎಂಬ ಸದ್ದು ಕೇಳಿದಾಗ ಅವಳ ಎದೆಯಲ್ಲೂ ಏನೋ ಒಂದು ಕೂತ ಹಾಗಾಗುತ್ತಿತ್ತು. ದಿನಕ್ಕೆ ಅಷ್ಟೇ ನೆಮ್ಮದಿ.

ಅವಳು ಕೆಲಸ ಮಾಡುತ್ತಿದ್ದದ್ದು ಔಷಧಿಯ ಬಾಟಲಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ. ಗಾಜಿನ ತೊಟ್ಟಿಯೊಂದರ ಮುಂದೆ ಎತ್ತರದ ಕುರ್ಚಿ. ಮುಚ್ಚಳ ಬಿಗಿದ ಬಾಟಲಿಗಳು ಸಾಲಾಗಿ ಬಂದು ನೀರಿನಲ್ಲಿ ಮುಳುಗಿ ಏಳುತ್ತಿದ್ದವು. ಯಾವುದರ ಕುತ್ತಿಗೆಯಿಂದ ಗುಳ್ಳೆ ಎದ್ದರೂ ಅದನ್ನು ಸಾಲಿನಿಂದ ಆಚೆ ಎಳೆಯುವುದು ಅವಳ ಕೆಲಸ. ಸಾಸಿವೆಕಾಳಿಗಿಂತ ಚಿಕ್ಕ ಗುಳ್ಳೆಯೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಅದಕ್ಕೇ ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ಅವಳು ಗುಳ್ಳೆಯಕ್ಕ. ಗುಳ್ಳೆ ಬಂದರೆ ಕೆಟ್ಟದ್ದು, ಬರದಿದ್ದರೆ ಒಳ್ಳೆಯದು. ವರ್ಷಗಟ್ಟಲೆ ಇದೊಂದನ್ನೇ ನೋಡಿ ನೋಡಿ ಅವಳ ಕಣ್ಣಿಗೆ ಮಾತ್ರವಲ್ಲ, ಮನಸ್ಸಿಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಮಗಳ ಅಡ್ಡಹೆಸರು ಮೆಣಸು. ಗಾತ್ರದಲ್ಲಿ ಅಷ್ಟೇ ಇದ್ದು ಮಾತಿನಲ್ಲಿ ಖಾರವಾಗಿದ್ದದ್ದಕ್ಕೆ ಅಜ್ಜಿಯೇ ಇಟ್ಟ ಹೆಸರು. ಈಗ ಆ ಮೆಣಸು ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ, ತಲೆಗೂದಲೆಲ್ಲ ಉದುರಿ, ಸಿಪ್ಪೆ ಸುಲಿದ ಹಾಗೆ ಬೆಳ್ಳಗೆ ಮಲಗಿತ್ತು. ಕಾಯಿಲೆ ರಕ್ತದ್ದು. ಅದಕ್ಕೆ ಕೊಡುವ ಔಷಧಿ ಕಳೆಯ ಜೊತೆಗೆ ಪೈರನ್ನೂ ಸುಡುವಂಥದ್ದು. ಒಂದು ಸುತ್ತು ಔಷಧಿ ಮುಗಿದ ಮೇಲೆ ಕೆಲವು ದಿನ ಮೈಯಲ್ಲಿ ಕಾವಲುಗಾರರೇ ಇರುವುದಿಲ್ಲ, ಯಾವ ರೋಗಾಣು ಬೇಕಾದರೂ ಬಾಗಿಲು ತಳ್ಳಿಕೊಂಡು ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಮೈ ಚೇತರಿಸಿಕೊಂಡ ಮೇಲೆ ಮತ್ತೊಂದು ಸುತ್ತು. ನಡುವೆ ಜ್ವರ ಬಂದರೆ ಸುತ್ತು ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದಷ್ಟೂ ಕಾಯಿಲೆಗೇ ಲಾಭ.

ಆಸ್ಪತ್ರೆಯ ಊಟವನ್ನು ಮೆಣಸು ಮುಟ್ಟುತ್ತಿರಲಿಲ್ಲ. "ಅದು ಬೆಂಚಿನ ವಾಸನೆ ಬರುತ್ತೆ" ಎಂದು ತುಟಿ ಬಿಗಿದುಕೊಂಡು ಕೂತುಬಿಡುತ್ತಿತ್ತು. ಕೊನೆಗೆ ಡಾಕ್ಟರಮ್ಮನೇ ಸೋತು, ಆಗಷ್ಟೇ ಬೇಯಿಸಿದ್ದನ್ನು ಚೊಕ್ಕಟವಾಗಿ ತರುವುದಾದರೆ ಮನೆಯಿಂದಲೇ ತನ್ನಿ ಎಂದು ಒಪ್ಪಿದ್ದರು.

ಮೊದಲು ಅಡುಗೆಯೆಲ್ಲ ಅಜ್ಜಿಯದೇ. ಸೊಸೆ ಕಾರ್ಖಾನೆಗೆ, ಮಗ ಮನೆಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋದ ಮೇಲೆ ಅತ್ತೆ ಪಾತ್ರೆಗಳನ್ನು ರಾಶಿ ಹಾಕಿಕೊಂಡು ಕೂರುತ್ತಿದ್ದರು. ಅವರ ಚೊಕ್ಕಟತನಕ್ಕೆ ಇಡೀ ಬೀದಿಯಲ್ಲಿ ಹೆಸರಿತ್ತು. ಅವರು ತಿಕ್ಕಿದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎಂದು ಪಕ್ಕದ ಮನೆಯವರು ತಮಾಷೆ ಮಾಡುತ್ತಿದ್ದರು. ಸ್ಟೀಲಾಗಲಿ ಪ್ಲಾಸ್ಟಿಕ್ಕಾಗಲಿ ಅವರಿಗೆ ಭೇದವಿಲ್ಲ. ತಂತಿಯ ನಾರು ಹಿಡಿದು ತೋಳು ಸೋಲುವ ತನಕ ಉಜ್ಜುವುದೇ.

ಮೆಣಸಿಗೆ ಮೊದಲ ಸಲ ಜ್ವರ ಬಂದಾಗ ವಾರ್ಡಿನ ಹಿರಿಯ ನರ್ಸ್ ಊಟದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದರು. ಒಳಗೆಲ್ಲ ಗೀರು. ಜೇಡ ನೇಯ್ದ ಹಾಗೆ, ಒಂದರ ಮೇಲೊಂದು.

"ಇದನ್ನ ತಂತಿ ನಾರಲ್ಲಿ ಉಜ್ಜಿದ್ದು ಯಾರು?"

"ನಾನೇ," ಎಂದಿದ್ದರು ಅತ್ತೆ. ಹೊಗಳುತ್ತಾರೆ ಅಂದುಕೊಂಡಿದ್ದರೋ ಏನೋ, ಒಂದು ಹೆಜ್ಜೆ ಮುಂದೆಯೇ ಬಂದಿದ್ದರು.

"ಅಜ್ಜಿ, ಪ್ಲಾಸ್ಟಿಕ್ಕನ್ನ ಹೀಗೆ ಉಜ್ಜಬಾರದು. ಕಣ್ಣಿಗೇನೋ ಚೊಕ್ಕಟ ಕಾಣುತ್ತೆ. ಆದ್ರೆ ಒಂದೊಂದು ಗೀರಲ್ಲೂ ಜಿಡ್ಡು ಕೂರುತ್ತೆ, ಜಿಡ್ಡಲ್ಲಿ ರೋಗಾಣು ಸಂಸಾರ ಹೂಡುತ್ತೆ. ಮೆತ್ತನೆ ಬಟ್ಟೇಲಿ ತೊಳೀಬೇಕು. ಗೀರು ಬಿದ್ದದ್ದು, ಬಿರುಕು ಬಿಟ್ಟದ್ದು ಏನಿದ್ರೂ ಎಸೆದುಬಿಡಿ. ನಮ್ಮ ನಿಮ್ಮ ಹೊಟ್ಟೆ ತಡ್ಕೊಳ್ಳುತ್ತೆ, ಈ ಮಗೂದು ತಡ್ಕೊಳ್ಳಲ್ಲ."

ನರ್ಸ್ ಬೈದಿರಲಿಲ್ಲ. ಬೈದದ್ದು ಮಗ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ, ಹೋಗಿ ಬರುವವರೆಲ್ಲ ತಿರುಗಿ ನೋಡುವ ಹಾಗೆ: "ನಿನ್ನ ಉಜ್ಜೋ ಹುಚ್ಚಿಗೆ ನನ್ನ ಮಗಳು ಬಲಿಯಾಗ್ಬೇಕಾ? ಇನ್ನು ಮೇಲೆ ಅಡುಗೆಮನೆಗೆ ಕಾಲಿಡಬೇಡ. ಅವಳೇ ಮಾಡ್ಕೊತಾಳೆ."

ಸೊಸೆ ಅಡ್ಡ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೂ ಹಾಗೇ ಅನ್ನಿಸಿತ್ತು. ಆ ಜ್ವರ ಹೇಗೋ ಇಳಿಯಿತು, ಹಳೆಯ ಡಬ್ಬಿಗಳು ಕಸಕ್ಕೆ ಹೋದವು. ಅವಳು ಪೇಟೆಯೆಲ್ಲ ಸುತ್ತಿ ಹೊಸ ಡಬ್ಬಿಗಳನ್ನು ತಂದಳು. ನಾಲ್ಕು ಕಿವಿಯ ಮುಚ್ಚಳ, ಮುಚ್ಚಳದ ಒಳಗೆ ಅಂಚಿನುದ್ದಕ್ಕೂ ನೀಲಿ ರಬ್ಬರಿನ ಬಳೆ. ಒಂದು ತೊಟ್ಟು ನೀರೂ ಆಚೆ ಬರುವುದಿಲ್ಲ, ಒಂದು ಕಣ ಧೂಳೂ ಒಳಗೆ ಹೋಗುವುದಿಲ್ಲ ಎಂದಿದ್ದ ಅಂಗಡಿಯವನು. ಅವನ ಮಾತನ್ನು ಅವಳು ನಂಬಲಿಲ್ಲ. ಮನೆಗೆ ಬಂದು ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬಾರದ್ದನ್ನು ನೋಡಿ ಆಮೇಲೆ ನಂಬಿದಳು.

"ಸ್ಟೀಲಿನ ಡಬ್ಬಿ ಇದ್ವಲ್ಲೇ," ಎಂದಿದ್ದರು ಅತ್ತೆ, ಹೊಸ್ತಿಲಾಚೆಯಿಂದ. "ಕುದಿಯೋ ನೀರಿಗೆ ಹಾಕಿ ತೆಗೆದ್ರೆ ಮುಗೀತು."

"ಅದರ ಮುಚ್ಚಳ ಸುಮ್ನೆ ಮೇಲೆ ಕೂತಿರುತ್ತೆ ಅತ್ತೆ, ಬಿಗಿಯಲ್ಲ. ಬಸ್ಸಲ್ಲಿ ಅಷ್ಟು ಜನ ಕೆಮ್ತಾರೆ, ಧೂಳು ಬೇರೆ."

ಸ್ಟೀಲಿನ ಡಬ್ಬಿಗಳು ಅಟ್ಟ ಹತ್ತಿದವು. ಅತ್ತೆಗೆ ಸ್ಟೂಲು ಉಳಿಯಿತು.

ಅಂದಿನಿಂದ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ತರಕಾರಿ ತೊಳೆಯುವುದು ಅವಳೇ, ಬೇಯಿಸುವುದು ಅವಳೇ, ಡಬ್ಬಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸೋಪು ಹಚ್ಚಿ ತೊಳೆಯುವುದೂ ಅವಳೇ. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗಿ ಬಿಗಿ ತಪ್ಪೀತೆಂದು ಉಗುರುಬೆಚ್ಚಗಿನ ನೀರೇ ಬಳಸುತ್ತಿದ್ದಳು. ರಾತ್ರಿ ತೊಳೆದು ಮುಚ್ಚಿಟ್ಟ ಡಬ್ಬಿಯನ್ನು ಬೆಳಗ್ಗೆ ಮುಳುಗಿಸಿ ನೋಡುವುದು. ಒಂದು ದಿನವೂ ತಪ್ಪಿಸಿದವಳಲ್ಲ.

ಒಮ್ಮೆ, ಕಿಟಕಿಯ ಮೇಲಿಟ್ಟಿದ್ದ ಮುಚ್ಚಳವೊಂದು ಗಾಳಿಗೆ ಜಾರಿ ಹೊಸ್ತಿಲಾಚೆ ಬಿತ್ತು. ಅತ್ತೆ ಎತ್ತಿಕೊಟ್ಟರು. ಕೊಡುವ ಮೊದಲು ಮೂಗಿನ ಹತ್ತಿರ ತಂದರು.

"ಇದೇನೇ ಇದು, ಒದ್ದೆ ಚೀಲದ ವಾಸನೆ."

"ಹೊಸ ಪ್ಲಾಸ್ಟಿಕ್ಕು ಹಾಗೇ ಅತ್ತೆ."

"ಹೊಸದರ ವಾಸನೆ ಅಲ್ಲ ಇದು."

ಅವಳು ಮುಚ್ಚಳವನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಸೋಪು ಹಚ್ಚಿ ತೊಳೆದಳು, ಅತ್ತೆ ಮುಟ್ಟಿದ್ದರು ಎಂಬ ಕಾರಣಕ್ಕೆ. ಅತ್ತೆ ಅದನ್ನು ನೋಡಿದರು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡು ಬಂದರು.

ಇಷ್ಟೆಲ್ಲ ಜೋಪಾನದ ನಡುವೆಯೇ ಎರಡನೇ ಜ್ವರ ಬಂತು.

ಇದು ಮೊದಲಿನದರಂತಲ್ಲ. ನಡುಗಿಸಿ ನಡುಗಿಸಿ ಬಿಡುತ್ತಿತ್ತು. ಮೆಣಸಿನ ಹಲ್ಲಿನ ಕಟಕಟ ಸದ್ದು ಗಾಜಿನ ಈಚೆಗೂ ಕೇಳುತ್ತದೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಒಂದು ಔಷಧಿ ಕೊಟ್ಟರು, ಬಗ್ಗಲಿಲ್ಲ. ಇನ್ನೊಂದು ಕೊಟ್ಟರು. ಡಾಕ್ಟರಮ್ಮ ಹೊರಗೆ ಬಂದು ಗಂಡ, ಹೆಂಡತಿ, ಅಜ್ಜಿ ಮೂವರನ್ನೂ ನಿಲ್ಲಿಸಿಕೊಂಡು ಕೇಳಿದರು.

"ರಕ್ತದ ಪರೀಕ್ಷೆಯಲ್ಲಿ ಇನ್ನೂ ಏನೂ ಸಿಕ್ಕಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಯಾವ ಔಷಧಿ ಹಾಕ್ಬೇಕು ಅನ್ನೋದು ಬೇಗ ತೀರ್ಮಾನ ಆಗುತ್ತೆ. ಕತ್ತಲಲ್ಲಿ ಕಲ್ಲು ಹೊಡೆಯೋದು ತಪ್ಪುತ್ತೆ. ಮನೇಲಿ ಊಟ, ನೀರು, ಪಾತ್ರೆ, ಏನಾದ್ರೂ ಹೆಚ್ಚುಕಮ್ಮಿ ಆಗಿದೆಯಾ?"

"ಏನೂ ಇಲ್ಲ ಡಾಕ್ಟ್ರೇ, ಎಲ್ಲಾ ನಾನೇ ಮಾಡೋದು," ಎಂದಳು ಅವಳು. ಹೇಳುತ್ತಾ ಅವಳ ಕಣ್ಣು ತಾನಾಗಿಯೇ ಅತ್ತೆಯ ಕಡೆ ಹೊರಳಿತು. ಒಂದೇ ಕ್ಷಣ. ಗಂಡ ಅದನ್ನು ಹಿಡಿದುಬಿಟ್ಟ.

ಮನೆಗೆ ಬಂದ ಮೇಲೆ ಅವನು ಚಪ್ಪಲಿಯನ್ನೂ ಬಿಡದೆ ತಾಯಿಯ ಮುಂದೆ ನಿಂತ.

"ನಾವಿಬ್ರೂ ಕೆಲಸಕ್ಕೆ ಹೋದಾಗ ಒಳಗೆ ಹೋಗ್ತೀಯಾ?"

"ನೀರು ಕುಡಿಯೋಕೆ ಹೋಗ್ತೀನಪ್ಪ."

"ಡಬ್ಬಿ ಮುಟ್ಟಿದ್ಯಾ?"

"ಇಲ್ಲ ಕಣೋ."

"ಸರಿಯಾಗಿ ನೆನಪು ಮಾಡ್ಕೋ. ಕೈ ಸುಮ್ನಿರಲ್ಲ ನಿಂದು. ಒರೆಸೋದು, ಜರುಗಿಸೋದು..."

"ಇಲ್ಲ," ಎಂದರು. ಸ್ವಲ್ಪ ತಡೆದು, "ಮುಟ್ಟಿದ್ನೋ ಏನೋ. ಇಲ್ಲ, ಮುಟ್ಟಿಲ್ಲ ಅನ್ಸುತ್ತೆ," ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಬಾವಿಗೆ ಇಳಿದ ಹಾಗೆ ಕೆಳಗಿಳಿಯಿತು.

ಅವನು ಅಣ್ಣನಿಗೆ ಫೋನು ಮಾಡಿದ. ಭಾನುವಾರ ಅಮ್ಮನನ್ನು ತಂದು ಬಿಡುತ್ತೇನೆ, ಮಗು ಮನೆಗೆ ಬರುವ ತನಕ ಅಲ್ಲೇ ಇರಲಿ ಎಂದ. ಅತ್ತೆ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಂಡರು. ಅವರ ಕೈಗಳು ಮಡಿಲಲ್ಲಿದ್ದವು. ಸೋಪಿನಲ್ಲಿ ತೊಳೆದು ತೊಳೆದು ಬೆರಳ ಸಂದುಗಳು ಒಡೆದು, ಕೆಂಪಗೆ ಗೆರೆ ಎದ್ದಿದ್ದವು.

ಭಾನುವಾರಕ್ಕೆ ಇನ್ನೂ ಎರಡು ದಿನ ಇರುವಾಗ, ಕಾರ್ಖಾನೆಯಲ್ಲಿ ತೊಟ್ಟಿ ಕೆಟ್ಟಿತು.

ಬಾಟಲಿಯನ್ನು ಹಿಡಿದು ಮುಳುಗಿಸುವ ಯಂತ್ರದ ಬಾಯಿಗಳಿಗೆ ರಬ್ಬರಿನ ಬಳೆಗಳಿದ್ದವು. ಅವು ಸಡಿಲವಾಗಿ, ಒಳ್ಳೆಯ ಬಾಟಲಿಯಲ್ಲೂ ಗುಳ್ಳೆ ಏಳತೊಡಗಿತ್ತು. ಯಂತ್ರಗಳನ್ನು ರಿಪೇರಿ ಮಾಡುವ ಫಿಟ್ಟರಣ್ಣ ಕೊಕ್ಕೆ ಹಿಡಿದು ಬಂದ. ಮಾತಿಲ್ಲದೆ ಕೆಲಸ ಮಾಡಿದರೆ ಕೈ ನೋಯುತ್ತದೆ ಎನ್ನುವ ಜಾತಿಯ ಮನುಷ್ಯ.

"ಏಳು ಗುಳ್ಳೆಯಕ್ಕ, ಸಿಂಹಾಸನ ಬಿಡು. ಮಗಳು ಹೇಗಿದ್ದಾಳೆ?"

"ಜ್ವರ ಬಿಟ್ಟಿಲ್ಲ."

"ಬಿಡುತ್ತೆ ಬಿಡು," ಎಂದು ಅವನು ಕೊಕ್ಕೆಯ ತುದಿಯನ್ನು ರಬ್ಬರಿನ ಕೆಳಗೆ ತೂರಿಸಿ ಎಬ್ಬಿಸಿದ. ಬಳೆ ಲೊಚಕ್ಕೆಂದು ಕಿತ್ತು ಬಂತು. ಅದು ಕೂತಿದ್ದ ಸಂದಿಯಲ್ಲಿ ಕಪ್ಪಗೆ, ಲೋಳೆಲೋಳೆಯಾಗಿ, ಕೊಳೆತ ಎಲೆಯಂಥದ್ದೇನೋ ಅಂಟಿಕೊಂಡಿತ್ತು. ಫಿಟ್ಟರಣ್ಣ ಮೂಗು ಸೊಟ್ಟ ಮಾಡಿದ. "ನೋಡು, ತೋಟವನ್ನೇ ಬೆಳೆಸಿದ್ದೀರಿ ಇಲ್ಲಿ. ತಿಂಗಳಿಗೊಮ್ಮೆನಾದ್ರೂ ಬಿಚ್ಚಿ ಒಣಗಿಸ್ರಪ್ಪಾ ಅಂದ್ರೆ ಕೇಳೋರಿಲ್ಲ."

"ದಿನಾ ನೀರಲ್ಲೇ ಮುಳುಗಿರುತ್ತಲ್ಲ ಅಣ್ಣ. ಕೊಳೆ ಹೇಗೆ?"

"ನೀರಲ್ಲಿ ಇರೋದಕ್ಕೇ ಕೊಳೆ. ಮುಳುಗಿಸಿದಾಗಲೆಲ್ಲ ನೀರು ಸಂದೀಲಿ ನುಗ್ಗುತ್ತೆ. ಆಚೆ ಬರೋಕೆ ದಾರಿ ಇಲ್ಲ. ಮೇಲೆ ಎಷ್ಟು ತೊಳೆದ್ರೂ ಕೆಳಗೆ ಅದರ ಪಾಡಿಗೆ ಅದು ಬೆಳೀತಾನೇ ಇರುತ್ತೆ." ಅವನು ಬಳೆಯನ್ನು ಅವಳ ಮುಂದೆ ಹಿಡಿದ. "ಇದು ಬಿಗಿಯಾಗೇ ಇತ್ತು, ಮೊನ್ನೆ ತನಕ ಒಂದು ಗುಳ್ಳೆ ಬಿಟ್ಟಿಲ್ಲ. ಬಿಗಿ ಬೇರೆ, ಚೊಕ್ಕಟ ಬೇರೆ ಕಣಕ್ಕ... ಯಾಕೆ, ಏನಾಯ್ತು? ಕೂತ್ಕೋ, ಕೂತ್ಕೋ. ಬೆಳಗ್ಗೆ ಏನಾದ್ರೂ ತಿಂದ್ಯೋ ಇಲ್ವೋ?"

ಅವಳು ಕೂರಲಿಲ್ಲ. ಆ ವಾಸನೆ ಅವಳಿಗೆ ಗುರುತು ಸಿಕ್ಕಿತ್ತು. ಒದ್ದೆ ಚೀಲದ ವಾಸನೆ.

ಬಸ್ಸು ಇಳಿದು ಮನೆಯ ತನಕ ಅವಳು ಹೇಗೆ ನಡೆದಳೋ ಅವಳಿಗೇ ತಿಳಿಯದು. ನಡುಮಧ್ಯಾಹ್ನ, ಬೀದಿಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಅತ್ತೆ ಒಳಕೋಣೆಯಲ್ಲಿ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು. "ಏನೇ ಇಷ್ಟು ಬೇಗ?" ಎಂದರು ಗಾಬರಿಯಿಂದ. "ಮಗೂಗೆ ಏನಾದ್ರೂ...?"

"ಇಲ್ಲ ಅತ್ತೆ. ಏನಿಲ್ಲ."

ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳವನ್ನು ಮಗುಚಿದಳು. ನೀಲಿ ಬಳೆ ಹೊಳೆಯುತ್ತಿತ್ತು. ಮುಚ್ಚಳದ ಜೊತೆಗೇ ಅಚ್ಚು ಹೊಯ್ದ ಹಾಗೆ ಕೂತಿತ್ತು. ಅದು ಬಿಚ್ಚಿ ಬರುವಂಥದ್ದು ಎಂದು ಯಾರಿಗೆ ತಾನೆ ಹೊಳೆಯಬೇಕು? ತಲೆಯಿಂದ ಪಿನ್ನು ಕಿತ್ತು, ಅದರ ತುದಿಯನ್ನು ಬಳೆಯ ಕೆಳಗೆ ತೂರಿಸಿದಳು. ಮೊದಲು ಜಗ್ಗಲಿಲ್ಲ. ಆಮೇಲೆ ಲೊಚಕ್ಕೆಂದು ಬಂತು, ಅದೇ ಸದ್ದು.

ಸಂದಿಯ ಉದ್ದಕ್ಕೂ ಕಪ್ಪು ಲೋಳೆ. ನಡುನಡುವೆ ಕೊಳೆತ ಗಂಜಿಯ ಬಿಳಿ ಚುಕ್ಕೆ.

ಎರಡನೆಯ ಮುಚ್ಚಳ ತೆಗೆದಳು. ಅದೂ ಹಾಗೇ. ಮೂರನೆಯದೂ ಹಾಗೇ. ಗಂಜಿ ಬಗ್ಗಿಸಿ ಮುಚ್ಚಿದ ಮೇಲೆ ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಈ ಬಳೆಯ ಅಂಚಿನಿಂದ ತೊಟ್ಟಿಕ್ಕಿ ಮತ್ತೆ ಗಂಜಿಗೇ ಬಿದ್ದಿರಬೇಕು. ಬಸ್ಸಿನ ಕುಲುಕಾಟಕ್ಕೆ ಗಂಜಿಯೇ ಚಿಮ್ಮಿ ಮುಚ್ಚಳವನ್ನು ತೊಳೆದುಕೊಂಡು ಇಳಿದಿರಬೇಕು. ಅದನ್ನೇ ಮೆಣಸು, "ಅಮ್ಮ ಮಾಡಿದ್ದು" ಎಂದು, ಹುಣ್ಣಾದ ಬಾಯಿಯಲ್ಲಿ ಕಷ್ಟಪಟ್ಟು, ಅವಳ ಮುಖ ನೋಡಿಕೊಂಡು ನುಂಗುತ್ತಿತ್ತು. ಇನ್ನೊಂದು ಚಮಚ ನನ್ನ ಚಿನ್ನ, ಇನ್ನೊಂದೇ ಚಮಚ ಎಂದು ಒತ್ತಾಯ ಮಾಡಿದವಳು ತಾನು.

ಅವಳು ಸಿಂಕಿನ ಅಂಚು ಹಿಡಿದು ನಿಂತಳು. ಬಕೆಟ್ಟು ಮೂಲೆಯಲ್ಲಿ ಬಾಯಿ ತೆರೆದುಕೊಂಡಿತ್ತು. ದಿನವೂ ಬೆಳಗ್ಗೆ ಅದರಲ್ಲಿ ಮುಳುಗಿಸಿ ಮುಳುಗಿಸಿ ಈ ಸಂದಿಗೆ ನೀರು ಉಣಿಸಿದ ಕೈ ಯಾರದು?

ಮನಸ್ಸು ಎಷ್ಟು ಚುರುಕಾಗಿ ಓಡುತ್ತದೆಂದರೆ ಅದಕ್ಕೆ ನಾಚಿಕೆಯೇ ಇರುವುದಿಲ್ಲ. ಡಬ್ಬಿಗಳನ್ನು ಚೀಲಕ್ಕೆ ಹಾಕಿ ದೂರದ ಕಸದ ತೊಟ್ಟಿಗೆ ಎಸೆದುಬಿಡಬಹುದು. ಬೇರೆ ತರಬಹುದು. ಭಾನುವಾರ ಅತ್ತೆ ಹೋಗುತ್ತಾರೆ. ಆಮೇಲೆ ಜ್ವರ ಬಿಟ್ಟರೆ, ನೋಡು, ಅಮ್ಮ ಹೋದ ಮೇಲೆ ಸರಿಹೋಯಿತು ಎನ್ನುತ್ತಾನೆ ಗಂಡ. ಯಾರೂ ಕೇಳುವುದಿಲ್ಲ. ಆದರೆ ಡಾಕ್ಟರಮ್ಮ ಕೇಳಿದ್ದರು. ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದೇವೆ ಎಂದಿದ್ದರು. ಬಾಯಿ ಮುಚ್ಚಿಕೊಂಡರೆ ಆ ಕತ್ತಲಲ್ಲಿ ಮೆಣಸು ಒಂಟಿ.

"ಅತ್ತೆ," ಎಂದು ಕೂಗಿದಳು. "ಇಲ್ಲಿ ಬನ್ನಿ."

ಅತ್ತೆ ಹೊಸ್ತಿಲ ತನಕ ಬಂದು ನಿಂತರು. ಅಲ್ಲಿಂದಲೇ ಕತ್ತು ಚಾಚಿ ಮುಚ್ಚಳಗಳನ್ನು ನೋಡಿದರು, ಬಳೆಗಳನ್ನು ನೋಡಿದರು. ಕೊನೆಗೆ ಸೊಸೆಯ ಮುಖ ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಡಿ," ಎಂದರು. "ಹಾಗೇ ಎತ್ಕೋ. ತೊಳೀಬೇಡ. ಡಾಕ್ಟ್ರು ನೋಡ್ಲಿ."

ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಡಬ್ಬಿಗಳ ಚೀಲ ಸೊಸೆಯ ಮಡಿಲಲ್ಲಿ. ಮುಂದಿನ ಸೀಟಿನ ಮಗುವೊಂದು ಹಿಂದೆ ತಿರುಗಿ ನಾಲಿಗೆ ಚಾಚಿತು. ಅತ್ತೆ ಅಭ್ಯಾಸಬಲದಿಂದ ತಾವೂ ನಾಲಿಗೆ ಚಾಚಿದರು. ಆಮೇಲೆ ಶಾಲನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟರು.

ಗಂಡ ಆಗಲೇ ಆಸ್ಪತ್ರೆಯಲ್ಲಿದ್ದ. ಅಂಗಿಯ ತುಂಬ ಬಿಳಿ ಬಣ್ಣದ ಚುಕ್ಕೆ. ತಾಯಿಯನ್ನು ನೋಡಿದ್ದೇ, "ಇವಳನ್ನ ಯಾಕೆ ಕರ್ಕೊಂಡು ಬಂದೆ?" ಎಂದ. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಗುಳ್ಳೆಯಕ್ಕ ಚೀಲದಿಂದ ಮುಚ್ಚಳಗಳನ್ನು ತೆಗೆದು, ಬೆಂಚಿನ ಮೇಲೆ ಹಾಳೆ ಹಾಸಿ ಇಟ್ಟಳು. ಡಾಕ್ಟರಮ್ಮ ಬಗ್ಗಿ ನೋಡಿದರು. ಮುಟ್ಟಲಿಲ್ಲ. ನರ್ಸನ್ನು ಕರೆದು ಕಡ್ಡಿಯಲ್ಲಿ ಒರೆಸಿ ತೆಗೆದು ಪರೀಕ್ಷೆಗೆ ಕಳಿಸಲು ಹೇಳಿದರು.

"ಒದ್ದೆ ಜಾಗದಲ್ಲಿ ಬೆಳೆಯೋ ಒಂದು ಜಾತಿ ರೋಗಾಣು ಇದೆ," ಎಂದರು ನಿಧಾನವಾಗಿ. "ಅದೇ ಇದ್ರೂ ಇರಬಹುದು. ಗ್ಯಾರಂಟಿ ಹೇಳೋಕಾಗಲ್ಲ. ಪರೀಕ್ಷೆ ಬರೋ ತನಕ ಕಾಯೋದೂ ಬೇಡ, ಅದನ್ನ ಕೊಲ್ಲೋ ಔಷಧೀನ ಇವತ್ತೇ ಶುರು ಮಾಡ್ತೀನಿ." ಆಮೇಲೆ ತಲೆ ಎತ್ತಿ ಕೇಳಿದರು, "ಇದನ್ನ ತೊಳೀತಿದ್ದದ್ದು ಯಾರು?"

"ನಾನೇ," ಎಂದರು ಅತ್ತೆ.

ದನಿ ಗಟ್ಟಿಯಾಗಿತ್ತು. ಗೀರು ಬಿದ್ದ ಡಬ್ಬಿಯ ದಿನ ಹೇಳಿದ ಹಾಗೆಯೇ, ಅದೇ ಜಾಗದಲ್ಲಿ ನಿಂತು. ಮಗ ತಾಯಿಯ ಕಡೆ ತಿರುಗಿದ. ಅವನ ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು.

ಆ ಒಂದು ಗಳಿಗೆ ಗುಳ್ಳೆಯಕ್ಕ ಸುಮ್ಮನಿದ್ದಳು. ಅದು ಎಷ್ಟು ಉದ್ದವಾಗಿತ್ತೆಂಬುದು ಅವಳೊಬ್ಬಳಿಗೇ ಗೊತ್ತು. ಬಾಗಿಲು ತಾನಾಗಿಯೇ ತೆರೆದಿತ್ತು, ಅವಳು ನಡೆದು ಹೋದರೆ ಸಾಕಿತ್ತು.

"ಅಲ್ಲ," ಎಂದಳು. "ಅತ್ತೆ ಮುಟ್ಟೇ ಇಲ್ಲ. ಅಡುಗೆಮನೆಗೇ ಬಂದಿಲ್ಲ ಅವರು. ಡಬ್ಬಿ ತಂದದ್ದು ನಾನು, ತೊಳೆದದ್ದು ನಾನು. ಈ ರಬ್ಬರ್ ಬಿಚ್ಚಿ ಬರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ದಿನಾ ನೀರಲ್ಲಿ ಮುಳುಗಿಸಿ ನೋಡ್ತಿದ್ದೆ. ಗುಳ್ಳೆ ಬರ್ತಿರ್ಲಿಲ್ಲ. ಗುಳ್ಳೆ ಬರ್ಲಿಲ್ಲ ಅಂದ್ರೆ ಒಳ್ಳೇದು ಅಂದ್ಕೊಂಡಿದ್ದೆ. ವಾಸನೆ ಬರುತ್ತೆ ಅಂತ ಅತ್ತೆ ಹೇಳಿದ್ರು. ನಾನು ಕೇಳ್ಲಿಲ್ಲ."

ನರ್ಸ್ ಕಡ್ಡಿಯನ್ನು ಗಾಜಿನ ಕೊಳವೆಗೆ ಇಳಿಸಿ ಮುಚ್ಚಳ ತಿರುಗಿಸಿದರು.

"ತೊಳೆದ ಮೇಲೆ ರಬ್ಬರನ್ನ ಬಿಚ್ಚಿ, ಬೇರೆ ತೊಳೆದು, ಬೇರೆಯಾಗಿ ಒಣಗಿಸ್ಬೇಕು," ಎಂದರು ಡಾಕ್ಟರಮ್ಮ. "ಪೂರ್ತಿ ಒಣಗದೆ ಯಾವ ಡಬ್ಬೀನೂ ಮುಚ್ಚಿಡಬಾರದು." ಆಮೇಲೆ, "ನಾವೂ ಹೇಳ್ಬೇಕಿತ್ತು," ಎಂದರು. ಹಾಗೆಂದರೂ ಅವಳ ಮುಖ ನೋಡಿ ಹೇಳಲಿಲ್ಲ.

ಹೊಸ ಔಷಧಿ ಆ ಸಂಜೆಯೇ ಹನಿಹನಿಯಾಗಿ ಇಳಿಯತೊಡಗಿತು. ಗಂಡ ಬೆಂಚಿನ ಆ ತುದಿಯಲ್ಲಿ ಕೂತ, ಅವಳು ಈ ತುದಿಯಲ್ಲಿ. ಅವನು ಬೈಯಲಿಲ್ಲ. ತಾಯಿಗೆ ಬೈಯುವಾಗ ಮೆಟ್ಟಿಲೆಲ್ಲ ಕೇಳುವಂತೆ ಬೈದವನು, ಈಗ ಉಗುರಿನ ಸಂದಿಯ ಬಣ್ಣವನ್ನು ಕೆರೆದುಕೊಳ್ಳುತ್ತ ಕೂತಿದ್ದ. ಬೈದಿದ್ದರೆ ವಾಸಿಯಿತ್ತು.

ನಡುವೆ ಕೂತಿದ್ದವರು ಅತ್ತೆ.

"ನೀವ್ಯಾಕೆ ಹಾಗಂದ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಹೇಗಿದ್ರೂ ನನ್ನ ಹೆಸರು ಕೆಟ್ಟಾಗಿತ್ತು. ಇನ್ನೊಂದು ಸಲ ಕೆಟ್ರೆ ಸವೆದೇನು ಹೋಗಲ್ಲ," ಎಂದರು ಅತ್ತೆ. ಆಮೇಲೆ ತಮ್ಮ ಒಡೆದ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು. "ನಾನು ದಿನಾ ನನ್ನ ಕೈಯನ್ನೇ ಮೂಸಿ ನೋಡ್ಕೊತಿದ್ದೆ ಕಣೇ. ಏನೋ ಇರ್ಬೇಕು ನನ್ನ ಕೈಯಲ್ಲಿ, ನನಗೇ ಗೊತ್ತಾಗ್ತಿಲ್ಲ ಅಂದ್ಕೊಂಡು."

ಸೊಸೆಗೆ ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಅಷ್ಟು ಚಿಕ್ಕ ಮಾತನ್ನು ಆಚೆ ತೆಗೆಯಲು ನಾಚಿಕೆಯಾಗಿ ನುಂಗಿಕೊಂಡಳು.

ಪರೀಕ್ಷೆಯಲ್ಲಿ ಡಾಕ್ಟರಮ್ಮ ಅಂದುಕೊಂಡದ್ದೇ ಬಂತು. ಜ್ವರ ಇಳಿಯಿತು, ಆದರೆ ಹಟ ಹಿಡಿದ ಸಾಲ ಕೊಟ್ಟವನ ಹಾಗೆ, ಬಾಗಿಲ ತನಕ ಹೋಗಿ ಮತ್ತೆ ಮತ್ತೆ ತಿರುಗಿ ನೋಡುತ್ತ. ಮೆಣಸು ಎದ್ದು ಕೂರುವಷ್ಟಾಯಿತು. ಆದರೆ ಮುಂದಿನ ಸುತ್ತಿನ ಔಷಧಿ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಎಂದು ಕೇಳಿದರೆ ಡಾಕ್ಟರಮ್ಮ, ಮೈಗೆ ಶಕ್ತಿ ಬರಲಿ, ನೋಡೋಣ ಎನ್ನುತ್ತಿದ್ದರು. ಆ ನೋಡೋಣದ ಒಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಕಳೆಗೆ ರಜೆ ಸಿಕ್ಕಿತ್ತು.

ಇದೆಲ್ಲ ಆಗುವ ಮೊದಲೇ ಆ ಭಾನುವಾರ ಬಂದಿತ್ತು. ಗಂಡ ಅಣ್ಣನ ಮನೆಯ ಮಾತೆತ್ತಲಿಲ್ಲ. ತಾಯಿಯ ಹತ್ತಿರ ತಪ್ಪಾಯಿತು ಎನ್ನುವುದೂ ಅವನ ನಾಲಿಗೆಗೆ ಬರಲಿಲ್ಲ. ಏಣಿ ತಂದು ಅಟ್ಟ ಹತ್ತಿ, ಸ್ಟೀಲಿನ ಡಬ್ಬಿಗಳನ್ನು ಇಳಿಸಿ, ಅಡುಗೆಮನೆಯಲ್ಲಿಟ್ಟು, ಕೆಲಸವಿದೆ ಎಂದು ಹೊರಟುಹೋದ. ಅತ್ತೆಯ ಬಟ್ಟೆಯ ಚೀಲ ಮಂಚದ ಮೇಲೆ ತುಂಬಿಕೊಂಡೇ ಕೂತಿತ್ತು.

ಅವಳು ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ, ಡಬ್ಬಿಗಳನ್ನೂ ಮುಚ್ಚಳಗಳನ್ನೂ ಕುದಿಸಿ ತೆಗೆದು, ಬಿಸಿಲಿಗೆ ಮಗುಚಿ ಹಾಕಿದಳು. ಗಂಜಿ ಆಯಿತು. ಒಣಗಿದ ಡಬ್ಬಿಯನ್ನು ಕೈಗೆತ್ತಿಕೊಂಡಳು. ಅಭ್ಯಾಸಕ್ಕೆ ಕಣ್ಣು ಮೂಲೆಯ ಬಕೆಟ್ಟಿನ ಕಡೆ ಹೋಯಿತು. ಈ ಮುಚ್ಚಳದಿಂದ ಗುಳ್ಳೆ ಏಳುತ್ತದೆ, ಒಂದಲ್ಲ, ನೂರು ಏಳುತ್ತವೆ. ಅವಳಿಗೆ ಈಗ ತನ್ನ ಕಣ್ಣಿನ ಮೇಲೂ ನಂಬಿಕೆಯಿರಲಿಲ್ಲ, ಕೈಯ ಮೇಲೂ ಇರಲಿಲ್ಲ. ಗಂಜಿ ಬಗ್ಗಿಸಲು ಎತ್ತಿದ ಸೌಟನ್ನು ಮತ್ತೆ ಪಾತ್ರೆಗೇ ಇಳಿಸಿದಳು.

"ಅತ್ತೆ, ಒಳಗೆ ಬನ್ನಿ. ನೀವೇ ಹಾಕಿ."

"ಬೇಡಮ್ಮ," ಎಂದರು ಅತ್ತೆ ಸ್ಟೂಲಿನಿಂದ. ಸಿಟ್ಟಿನಿಂದಲ್ಲ. "ನನಗೆ ಭಯ ಆಗುತ್ತೆ."

"ನನಗೂ ಆಗುತ್ತೆ."

ಅವಳು ಒಲೆ ಆರಿಸಿದಳು. ಡಬ್ಬಿಯನ್ನೂ ಮುಚ್ಚಳವನ್ನೂ ಎರಡು ಕೈಯಲ್ಲಿ ಹಿಡಿದು ಹೊಸ್ತಿಲ ಹತ್ತಿರ ಬಂದು, ನೆಲದ ಮೇಲೆ, ಅತ್ತೆಯ ಮೊಣಕಾಲಿನ ಮುಂದೆ ಕೂತಳು.

"ಹಾಗಾದ್ರೆ ಮೂಸಿ ನೋಡಿ."

ಅತ್ತೆ ಅವಳನ್ನು ನೋಡಿದರು. ಡಬ್ಬಿಯನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ಕೈಗಳು ಶಾಲಿನೊಳಗೇ ಇದ್ದವು. ಬಗ್ಗಿ, ಕಣ್ಣು ಮುಚ್ಚಿ, ಡಬ್ಬಿಯೊಳಗೆ ಮುಖವಿಟ್ಟು ಉಸಿರೆಳೆದುಕೊಂಡರು. ಆಮೇಲೆ ಮುಚ್ಚಳ. ಅದರ ಅಂಚಿನುದ್ದಕ್ಕೂ ನಿಧಾನವಾಗಿ, ಸುತ್ತು ಮುಗಿಯುವ ತನಕ.

"ಏನೂ ಇಲ್ಲ," ಎಂದರು. "ಬಿಸಿಲಿನ ವಾಸನೆ ಅಷ್ಟೇ."

"ಇನ್ನೊಂದು ಸಲ ನೋಡಿ ಅತ್ತೆ," ಎಂದಳು ಅವಳು. ಮುಚ್ಚಳವನ್ನು ಹಾಗೇ ಹಿಡಿದುಕೊಂಡಿದ್ದಳು.

ಅತ್ತೆ ಮತ್ತೆ ಬಗ್ಗಿದರು.